ಕಲ್ಲಿನ ಎತ್ತರ

ಬುಚ್ಚಮ್ಮ ಕೇಳಿದ್ದು ಒಂದೇ ಮಾತು.

"ಕಲ್ಲು ಎಷ್ಟು ಎತ್ತರ ಇರ್ತೈತ್ರಿ, ರಾಯರ?"

ಜಯಸಿಂಹರಾಯರು ಮಗ್ಗದ ಮನೆಯೊಳಗೆ ತಮಗಾಗಿ ಹಾಸಿದ್ದ ಚಾಪೆಯ ಮೇಲೆ ಕುಳಿತು ಆಗಷ್ಟೇ ನೀರು ಕುಡಿದಿದ್ದರು. ಎದುರಿಗೆ ಬುಚ್ಚಮ್ಮ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಆಚೆ ಗೋಡೆಗೆ ಹೊಂದಿಕೊಂಡ ಕುಣಿಮಗ್ಗದಲ್ಲಿ ಅವರ ಮಗ ರಾಜಕುಮಾರ ಸೀರೆ ನೇಯುತ್ತಿದ್ದ. ಲಾಳಿ ಅತ್ತಿತ್ತ ಹೋಗುವ ಸದ್ದಿಗೆ ಒಂದು ಲಯವಿತ್ತು. ರಾಯರ ಕಿವಿ ತನ್ನಷ್ಟಕ್ಕೆ ತಾನು ಅದರ ಮಾತ್ರೆ ಹಿಡಿಯುತ್ತಿತ್ತು. ಏಳುವಾಗ ತಾಯಿಯ ಬಾಯಲ್ಲಿ ಹಾಡು, ಮಲಗುವಾಗ ತಂದೆಯ ಬಾಯಲ್ಲಿ ಶ್ಲೋಕ ಕೇಳುತ್ತ ಬೆಳೆದವರು ಅವರು. ಆಡುವುದಕ್ಕಿಂತ ಕೇಳುವುದೇ ಹೆಚ್ಚು ರೂಢಿ.

"ಎತ್ತರ ಯಾಕ ಬೇಕು, ಬುಚ್ಚಮ್ಮ?"

"ಅಯ್ಯ, ವಸ್ತ್ರ ಹೊದಿಸಬೇಕಲ್ರಿ! ಮೊದಲನೇ ದಿನ ಕಲ್ಲು ಬರೀ ಮೈಲೆ ನಿಂದ್ರಬಾರ್ದು. ಇವ ನೋಡಿದ್ರ ಅಳತಿ ಹೇಳು, ಅಳತಿ ಹೇಳು ಅಂತ ತಲಿ ತಿನ್ನಾಕ ಹತ್ಯಾನ. ಈ ಸೀರಿ ಇಳೀತಂದ್ರ ಮಗ್ಗಕ್ಕ ಅದನ್ನ ಏರಿಸ್ತೀವಿ. ಹತ್ತಿ ಮೈ, ರೇಷ್ಮಿ ಅಂಚು."

"ಸೊಂಟದ ಮಟ್ಟ ಇರ್ತೈತೋ, ಆಳುದ್ದ ಇರ್ತೈತೋ ಅಷ್ಟ ಹೇಳ್ರಿ ಸಾಕು," ಎಂದು ರಾಜಕುಮಾರ ಮಗ್ಗದಿಂದಲೇ ನಕ್ಕ. "ಇಲ್ಲಾಂದ್ರ ನಮ್ಮವ್ವ ಆನಿಗೆ ಹೊದಿಸೋವಷ್ಟು ನೇಯಿ ಅಂದ್ರೂ ಅಂದಾಳು."

ಊರಿನ ಪಾರ್ಕಿನಲ್ಲಿ ಸೈನಿಕರ ನೆನಪಿಗೆ ಒಂದು ನಡಿಗೆಯ ದಾರಿ ಆಗುವುದಿತ್ತು. ನಾರಾಯಣಪೇಟೆ, ಮಕ್ತಲ, ನಾರ್ವ, ಕೆ.ಟಿ. ದೊಡ್ಡಿ, ಆಚೆ ಗದ್ವಾಲದವರೆಗೆ ಈ ಸೀಮೆಯಿಂದ ಸೈನ್ಯಕ್ಕೆ ಹೋಗಿ ತಿರುಗಿ ಬಾರದವರ, ಬಂದು ಇಲ್ಲೇ ಕಣ್ಮುಚ್ಚಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು. ಇದಕ್ಕೆ ಮುಂದಾದವರು ಮಕ್ತಲದ ನಿವೃತ್ತ ಸುಬೇದಾರ್ ಶಿವಶಂಕರಪ್ಪ. ತಹಸೀಲ ಕಚೇರಿಯಿಂದ ನಿವೃತ್ತರಾಗಿದ್ದ ಜಯಸಿಂಹರಾಯರನ್ನು ಅವರೇ ಹಿಡಿದು ತಂದು ಕಮಿಟಿಯ ಕಾರ್ಯದರ್ಶಿ ಮಾಡಿದ್ದರು. ಸುಬೇದಾರರು ಚಾಕರಿಯಲ್ಲಿದ್ದಾಗ ಉತ್ತರದ ಯಾವುದೋ ದಂಡುಪ್ರದೇಶದಲ್ಲಿ ಅಂಥ ದಾರಿ ನೋಡಿದ್ದರು. ನೆಲಕ್ಕೆ ಹಾಸಿದ ಒಂದೊಂದು ಬಂಡೆಯಲ್ಲೂ ಒಂದೊಂದು ಹೆಸರು. ಓದುತ್ತ ನಡೆಯಬೇಕು, ನಡೆಯುತ್ತ ಓದಬೇಕು. ಅಂಥದೇ ನಮ್ಮ ಸೀಮೆಗೂ ಬೇಕು ಎಂದು ಅವರಿಗೆ ಎಷ್ಟೋ ವರ್ಷದ ಆಸೆ.

ರಾಯರು ಮನೆಮನೆಗೆ ಹೋಗಿ ಕೇಳಿ ಬಂದಿದ್ದರು. "ಹೆಸರಿನ ಕಲ್ಲು ಹಾಕಸ್ತೇವಿ, ನಿಮ್ಮ ಒಪ್ಪಿಗಿ ಅದನೋ?" ಎಲ್ಲರೂ ಒಪ್ಪಿದ್ದರು. ಕಲ್ಲು ನಿಂತಿರುತ್ತದೋ ಮಲಗಿರುತ್ತದೋ ಎಂದು ಯಾರೂ ಕೇಳಲಿಲ್ಲ. ರಾಯರಿಗೂ ಹೇಳಬೇಕೆಂದು ತೋಚಲಿಲ್ಲ. ಈ ಸೀಮೆಯಲ್ಲಿ ಹೆಸರಿನ ಕಲ್ಲು ಎಂದರೆ ನಿಂತಿರುವುದು. ಊರಬಾಗಿಲ ಅಗಸೆಯ ಪಕ್ಕ ಅರ್ಧ ಹೂತುಹೋದ ವೀರಗಲ್ಲು ಕೂಡ ಉಳಿದರ್ಧದಲ್ಲಿ ನಿಂತೇ ಇರುತ್ತದೆ.

"ಎತ್ತರ ಅಂತ ಇಲ್ಲ, ಬುಚ್ಚಮ್ಮ," ಎಂದರು ರಾಯರು. "ಅದು ದಾರಿಗೆ ಹಾಸೋ ಬಂಡಿ. ನೆಲದ ಮಟ್ಟಕ್ಕೇ ಇರ್ತದ."

ರಾಟಿ ನಿಂತಿತು.

"ಮಂದಿ ನಡಿಯೋ ದಾರಿಗೇನ್ರಿ?"

"ಹೌದು."

"ಅದರ ಮ್ಯಾಲ ಕಾಲಿಟ್ಟು ಹೋಗ್ತಾರೇನ್ರಿ?"

ರಾಯರು ಹೌದೆಂದು ತಲೆಯಾಡಿಸಿದರು. ಅತ್ತ ಲಾಳಿಯ ಸದ್ದೂ ನಿಂತಿತ್ತು.

ಬುಚ್ಚಮ್ಮ ದನಿ ಏರಿಸಲಿಲ್ಲ. ಕೈಯಲ್ಲಿದ್ದ ಎಳೆ ಕಡಿಯದಂತೆ ಕಂಡಿಕೆಗೆ ಸಿಕ್ಕಿಸಿಟ್ಟು ಹೇಳಿದರು: "ಅವರ ಹೆಸರು ನಾನು ಬಾಯಿಲೆ ಅಂದಿಲ್ರಿ, ರಾಯರ. ಲಗ್ನ ಆಗಿ ಬಂದ ದಿನ ಅವರಕ್ಕ ಬಾಗಲಾ ಹಿಡದಾಗ ಹೊಸ್ತಿಲದಾಗ ನಿಂತು, ಹೆಸರು ಕೂಡಿಸಿ ಹಾಡೋ ಒಡಪಿನಾಗ ಒಮ್ಮಿ ಅಂದೀನಿ, ಅಷ್ಟ. ಆಮ್ಯಾಲ 'ಇವರು', 'ನಮ್ಮನಿಯವರು', 'ರಾಜುನ ಅಪ್ಪ'. ನಾನು ಬಾಯಿಲೆ ಅನ್ನಾಕ ಅಂಜೋ ಹೆಸರು ನೀವು ಊರ ಮಂದಿ ಕಾಲಡಿ ಹಾಕ್ತೀರೇನು?"

ಆ ಹೆಸರು ರಾಯರ ನಾಲಗೆಗೆ ಮಾತ್ರ ಸಲೀಸಾಗಿತ್ತು. ಅಂಜಯ್ಯ. ಶಾಲೆಯಲ್ಲಿ ಇಬ್ಬರೂ ಒಂದೇ ಹಲಗೆಯ ಮೇಲೆ ಕುಳಿತವರು. ನೇಕಾರರ ಮನೆಯ ಹುಡುಗ, ಕುಣಿಯೊಳಗೆ ಕಾಲಿಟ್ಟು ಕೂರುವುದು ತನ್ನಿಂದಾಗದು ಎಂದು ಸೈನ್ಯಕ್ಕೆ ಹೋದ. ರಾಜಕುಮಾರ ತೊಟ್ಟಿಲಲ್ಲಿದ್ದಾಗ ದೂರದ ಗಡಿಯಲ್ಲಿ ಹಿಮ ಕುಸಿಯಿತು. ಹುಡುಕಿದರು, ಅವನೂ ಸಿಗಲಿಲ್ಲ, ಅವನ ಜತೆಯವರೂ ಸಿಗಲಿಲ್ಲ.

ರಾಯರು ತಮಗೆ ತಿಳಿದ ದಾರಿಯಲ್ಲೇ ಸಮಾಧಾನ ಹೇಳಲು ನೋಡಿದರು. "ಗುಡಿ ಮೆಟ್ಟಲ ಮ್ಯಾಲೆ ಭಕ್ತರು ತಮ್ಮ ಹೆಸರು ಕೆತ್ತಿಸಿರ್ತಾರ, ನೋಡಿಲ್ಲೇನು ಬುಚ್ಚಮ್ಮ? ದರ್ಶನಕ್ಕ ಬರೋರ ಪಾದಧೂಳಿ ತಮ್ಮ ಮ್ಯಾಲೆ ಬೀಳ್ಲಿ ಅಂತ. ಅದು ದೊಡ್ಡ ಪುಣ್ಯ ಅಂತಾರ."

ಬುಚ್ಚಮ್ಮ ಆ ಮಾತನ್ನು ತಳ್ಳಿಹಾಕಲಿಲ್ಲ. "ನೋಡೀನ್ರಿ. ಕೈನೂ ಮುಗದೀನಿ. ಆದ್ರ ಅವರು ತಾವಾಗಿ ಬೇಡಿಕೊಂಡು ಕೆತ್ತಿಸಿದ್ದು. ನಮ್ಮವರನ್ನ ಯಾರು ಕೇಳ್ಯಾರ?"

ಬುಚ್ಚಮ್ಮ ಮಗನ ಮಗ್ಗದ ಕಡೆ ಕೈ ತೋರಿಸಿದರು.

"ನಮ್ಮ ಕಾಲೂ ದಿನಾ ತುಳೀತಾವ್ರಿ, ಮಗ್ಗದ ಹಲಿಗಿನ. ಅದನ್ನ ಮುಂಜಾನಿ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮ್ಯಾಲ ತುಳೀತೀವಿ. ಪಾರ್ಕಿಗೆ ಬರೋರು ಹಂಗ ಮಾಡ್ತಾರೇನು? ಬೂಟು ಹಾಕ್ಕೊಂಡು ದಬದಬ ಓಡ್ತಾರ."

"ಹಂಗಾದ್ರ ಕಲ್ಲು ಬ್ಯಾಡ ಅಂತ ಹೇಳ್ಲೇನು ಸುಬೇದಾರ್ರಿಗೆ?"

ಬುಚ್ಚಮ್ಮ ತಟ್ಟನೆ ತಲೆಯೆತ್ತಿದರು. ರಾಯರು ಅವರನ್ನು ನೆಟ್ಟಗೆ ನೋಡಿದ್ದು ಅದೇ ಮೊದಲೇನೋ.

"ಬ್ಯಾಡ ಅಂತ ನಾನೆಲ್ಲಿ ಅಂದ್ನಿ? ಅವರದು ಅಂತ ಈ ಭೂಮಿ ಮ್ಯಾಲ ಒಂದು ಜಾಗ ಇಲ್ರಿ. ಅಮಾಸಿ ದಿನ ಒಂದು ಹೂ ಇಡಬೇಕಂದ್ರ ಎಲ್ಲಿ ಇಡ್ಲಿ? ಗ್ವಾಡಿ ಫೋಟೋಕ್ಕ ಇಡ್ತೀನಿ, ಗಾಳಿಗೆ ಬೀಳ್ತೈತಿ. ಕಲ್ಲು ಬೇಕ್ರಿ, ರಾಯರ. ಕಾಲಡಿ ಬ್ಯಾಡ."

ರಾಯರು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವವರೆಗೂ ಒಳಗೆ ರಾಟಿಯ ಸದ್ದು ಕೇಳಲಿಲ್ಲ.

ಸಂಜೆ ಪಾರ್ಕಿನ ಬೇವಿನ ಮರದ ಕೆಳಗೆ ಸುಬೇದಾರರು ಕಾಯುತ್ತಿದ್ದರು. ಜತೆಗೆ ಗದ್ವಾಲದಿಂದ ಬಂದಿದ್ದ ಕಲ್ಲು ಕೆಲಸದ ಚಂದ್ರಕಾಂತ್. ಅಕ್ಷರಮಾಲೆಯ ಕ್ರಮದಲ್ಲಿ ಮೊದಲು ಬರುವ ಹೆಸರಿನ ಬಂಡೆ ಆಗಲೇ ತಯಾರಾಗಿತ್ತು. ಹೇಗೆ ಕಾಣುತ್ತದೆ ನೋಡೋಣ ಎಂದು ಅದನ್ನು ಸಿಮೆಂಟಿಲ್ಲದೆ ದಾರಿಯ ನಡುವೆ ಕೂರಿಸಿದ್ದರು. ಮನೆಮಾತು ಕನ್ನಡವಾದರೂ ಬರಹವೆಲ್ಲ ತೆಲುಗಿನಲ್ಲೇ ನಡೆಯುವ ಸೀಮೆ; ಆಳವಾಗಿ ಕೊರೆದು ಕಪ್ಪು ತುಂಬಿದ ತೆಲುಗು ಅಕ್ಷರ: ಅಂಜಯ್ಯ.

ರಾಯರು ಬುಚ್ಚಮ್ಮ ಅಂದದ್ದನ್ನು ಅಂದ ಹಾಗೆಯೇ ಒಪ್ಪಿಸಿದರು.

"ಕಾಲಡಿ ಅಂದ್ರೇನ್ರಿ?" ಸುಬೇದಾರರಿಗೆ ಬೇಸರವಾಯಿತು. "ಸಿಪಾಯಿ ಜಿಂದಗಿ ಅಂದ್ರ ನಡಿಯೋದ. ಸತ್ತ ಮ್ಯಾಲೂ ಅವನ ಜೋಡಿ ಊರ ಮಂದಿ ನಡೀಲಿ ಅಂತ ನಾನು ಬಡಕೊಳ್ತೀನಿ. ಗ್ವಾಡಿ ಕಟ್ಟಿ ಬರೆದ್ರ ಏನಾಗ್ತೈತಿ ಗೊತ್ತೇನು? ಒಂದು ವರ್ಷ ಹಾರ ಹಾಕ್ತಾರ. ಮುಂದಿನ ವರ್ಷ ಅದರ ಮ್ಯಾಲ ಟ್ಯೂಷನ್ ಕ್ಲಾಸಿನ ಜಾಹೀರಾತು ಹಚ್ತಾರ. ಮೂಲ್ಯಾಗ ಪಾನ್ ಉಗುಳ್ತಾರ."

ಅದೂ ಸುಳ್ಳಲ್ಲ ಎಂದು ರಾಯರಿಗೆ ಅನಿಸಿತು.

"ಎಲ್ಲಾರೂ ಒಪ್ಯಾರ. ಒಬ್ಬಾಕಿ ಸಲುವಾಗಿ ನಕ್ಷಾ ಬದಲಿ ಮಾಡಾಕ ಆಗಂಗಿಲ್ಲ. ಬ್ಯಾಡ ಅಂದ್ರ ಆ ಒಂದು ಹೆಸರು ಬಿಟ್ಟು ಉಳಿದವು ಹಾಕಿಬಿಡೂಣು."

"ಬ್ಯಾಡ ಅಂದಿಲ್ಲ ಅವರು."

"ಮತ್ತ ಬೇಕಂತಾರೇನು?"

"ಬೇಕಂತಾರ."

ಸುಬೇದಾರರು ಚಂದ್ರಕಾಂತನ ಕಡೆ ತಿರುಗಿದರು. "ನೋಡಪಾ, ನಮ್ಮ ವಕೀಲರಾಗಿ ಹೋಗಿದ್ರು, ಅವರ ವಕೀಲರಾಗಿ ಬಂದ್ರು."

ಚಂದ್ರಕಾಂತನಿಗೆ ಬೇರೆಯೇ ಚಿಂತೆ. "ಸಾರ್, ನಾ ಸೋಮವಾರ ಸಿಮೆಂಟು ಕಲಸ್ತೀನಿ. ಒಮ್ಮಿ ಕೂಡ್ರಿಸಿದ ಮ್ಯಾಲ ಐಪೋಯಿಂದಿ, ಮುಗೀತು. ಆಮ್ಯಾಲ ಅದು ತೆಗಿ, ಇದು ಸರಿಸು ಅಂದ್ರ ನಾ ಗದ್ವಾಲ ಬಸ್ಸು ಹತ್ತೋವನ."

"ಯಾರೂ ತೆಗಿ ಅನ್ನಂಗಿಲ್ಲ," ಎಂದರು ಸುಬೇದಾರರು. "ರಾಯರ, ನಾಳೆ ಮುಂಜಾನಿ ಬರ್ರಿ. ಮಂದಿ ಹೆಂಗ ಓದಿಕೊಂತ ನಡೀತಾರ ಕಣ್ಣಾರೆ ನೋಡ್ರಿ. ನೋಡಿ ಆಕಿಗೆ ಹೋಗಿ ಹೇಳ್ರಿ. ತಿಳೀಲಿಲ್ಲಂದ್ರ ಬಿಟ್ಟುಬಿಡೂಣು."

ರಾಯರು ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಬರುವಷ್ಟರಲ್ಲಿ ಸುಬೇದಾರರು ಬಿಳಿ ಕ್ಯಾನ್ವಾಸ್ ಬೂಟು ಹಾಕಿ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದರು. ಹುಲ್ಲಿಗೆ ನೀರು ಬಿಟ್ಟಿದ್ದರಿಂದ ದಾರಿಯ ಎರಡೂ ಪಕ್ಕ ಕೆಸರಾಗಿತ್ತು.

ಮೊದಲು ಬಂದವರು ಬೇಳೆ ಮಿಲ್ಲಿನ ಮಾಳಿಂಗಪ್ಪ. ವೈದ್ಯರು ಹೇಳಿದ್ದಕ್ಕೆ ನಡೆಯುವವರು. ಒಂದು ಹೆಜ್ಜೆಯೂ ಹೆಚ್ಚಿಗೆ ಹಾಕುವವರಲ್ಲ. ಬಂಡೆಯ ಹತ್ತಿರ ನಿಂತರು. ತುಟಿ ಅಲುಗಿಸಿ ಓದಿದರು. ಆಮೇಲೆ ಪಂಚೆ ಎತ್ತಿ ಹಿಡಿದು ಕೆಸರಿಗಿಳಿದು, ಬಂಡೆ ದಾಟಿ, ಮತ್ತೆ ದಾರಿಗೆ ಹತ್ತಿದರು.

"ಓದಿದ್ರಲ್ಲ!" ಎಂದರು ಸುಬೇದಾರರು.

"ಓದಿದ್ರು," ಎಂದರು ರಾಯರು.

ಕಿವಿಗೆ ವೈರು ಸಿಕ್ಕಿಸಿಕೊಂಡು ಕಾಲೇಜಿನ ಮೇಘಾ ಓಡುತ್ತ ಬಂದಳು. ನೋಡದೆ ತುಳಿದೇ ಬಿಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಕೊನೆಯ ಗಳಿಗೆಯಲ್ಲಿ ಜಿಗಿದು ಆಚೆ ಬಿದ್ದಳು. ಎರಡನೇ ಸುತ್ತಿಗೆ ಬರುವಾಗ ದೂರದಿಂದಲೇ ಪಕ್ಕಕ್ಕೆ ಸರಿದಿದ್ದಳು. ಹಿಂದೆಯೇ ಮುದುಕ ಮಾರ್ಕಂಡೇಯ ಕೋಲೂರಿಕೊಂಡು ಬಂದರು. ಕೋಲಿನ ತುದಿ ಬಂಡೆಯ ಅಂಚಿಗೆ ತಾಗಿತು. ಅವರು ಕಷ್ಟಪಟ್ಟು ಬಗ್ಗಿ ತಾಗಿದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಕೆಸರಿನ ಕಡೆ ನೋಡಿ, "ಇದ್ಯಾವ ಪುಣ್ಯಾತ್ಮ ದಾರಿ ನಡುವ ದೇವರನ್ನ ಮಲಗಿಸ್ಯಾನೋ," ಎಂದು ಗೊಣಗುತ್ತ ಅದರೊಳಗೇ ಇಳಿದರು.

ಪುಣ್ಯಾತ್ಮರು ಬೆಂಚಿನ ಮೇಲೆ ಕೆಮ್ಮಿದರು.

ಬಿಸಿಲು ಬೇವಿನ ಮರದ ನೆತ್ತಿಗೆ ಬರುವ ಹೊತ್ತಿಗೆ ಬಂಡೆಯ ಪಕ್ಕದ ಹುಲ್ಲಿನಲ್ಲಿ ಇನ್ನೊಂದು ದಾರಿ ಬಿದ್ದಿತ್ತು. ಬರಿಗಾಲು, ಚಪ್ಪಲಿ, ಬೂಟು ಎಲ್ಲದರ ಗುರುತೂ ಅಲ್ಲಿತ್ತು. ಬಂಡೆಯ ಮೇಲೆ ಮಾತ್ರ ಒಂದು ಒಣಗಿದ ಎಲೆ.

"ಹೊಸದಲ್ಲೇನ್ರಿ," ಎಂದರು ಸುಬೇದಾರರು. "ನಾಕು ದಿನ ಆದ್ರ ರೂಢಿ ಆಗ್ತೈತಿ."

ರಾಯರು ಒಂದೇ ಮಾತು ಕೇಳಿದರು. "ರೂಢಿ ಆಗಬೇಕೇನ್ರಿ?"

ಸುಬೇದಾರರು ಎದ್ದು ಅಂಗಿ ಎಳೆದುಕೊಂಡರು. "ನಾನು ತೋರಿಸ್ತೀನಿ, ನೋಡ್ರಿ." ದಾರಿಯ ತುದಿಗೆ ಹೋಗಿ ಎದೆಯೆತ್ತಿ ನಡೆದುಬಂದರು. ಎಡ, ಬಲ, ಎಡ, ಬಲ. ವಯಸ್ಸು ಎಪ್ಪತ್ತಾದರೂ ಕೈ ಬೀಸಿನಲ್ಲಿ ತಪ್ಪಿರಲಿಲ್ಲ. ಬಂಡೆಯ ಮುಂದೆ ಬಂದಾಗ ಎಡಗಾಲು ಮೇಲೆದ್ದಿತು. ಎದ್ದದ್ದು ಇಳಿಯಲಿಲ್ಲ. ಮೈ ಒಮ್ಮೆ ತೂಗಿತು, ಹೆಜ್ಜೆ ತಪ್ಪಿತು, ಬಿಳಿ ಬೂಟು ಪಚಕ್ಕನೆ ಕೆಸರಿಗಿಳಿಯಿತು.

ಅವರು ಹಾಗೆಯೇ ನಿಂತರು. ಒಂದು ಕಾಲು ದಾರಿಯ ಮೇಲೆ, ಒಂದು ಕಾಲು ಕೆಸರಿನಲ್ಲಿ.

"ಸುಬೇದಾರ್ರ," ಎಂದರು ರಾಯರು ಮೆಲ್ಲಗೆ, "ಕವಾಯತಿನಾಗ ಇದಕ್ಕ ಏನೋ ಅಂತಿದ್ರಿ?"

"ಕದಂ ಬದಲ್. ಹೆಜ್ಜಿ ಬದಲಿಸು ಅಂತ." ಸುಬೇದಾರರ ಮೀಸೆಯ ಕೆಳಗೆ ನಗು ಬಂದು ಹೋಯಿತು. ಆಮೇಲೆ ಅವರು ಬಗ್ಗಿ ಆ ಒಣಗಿದ ಎಲೆಯನ್ನು ಬಂಡೆಯ ಮೇಲಿಂದ ತೆಗೆದರು. "ಕಾಲು ಹೋಗವಲ್ದು, ರಾಯರ. ಆ ದಂಡುಪ್ರದೇಶದಾಗ ಹೆಂಗ ನಡದ್ನೋ ಏನೋ. ಅಲ್ಲಿ ಯಾರ ಹೆಸರಿದ್ವು ಅನ್ನೋದೂ ನೆನಪಿಲ್ಲ. ಇವ ನಮ್ಮವ ಅಲ್ಲೇನು?"

ಚಂದ್ರಕಾಂತ್ ಸೋಮವಾರ ಬಂದಾಗ ಹೊಸ ನಕ್ಷೆ ಕೇಳಿ ತಲೆ ಮೇಲೆ ಕೈಹೊತ್ತು ಕೂತ. ನಡುವಿನ ದಾರಿ ಖಾಲಿ. ಹೆಸರಿನ ಬಂಡೆಗಳು ಎರಡೂ ಪಕ್ಕ, ಸೀರೆಗೆ ಎರಡು ಕಡೆ ಅಂಚು ಇದ್ದ ಹಾಗೆ, ನಿಂತಿರಬೇಕು.

"ಮಲಗಿದ್ದೋರನ್ನ ಎಬ್ಬಿಸಿ ನಿಂದ್ರಿಸು ಅಂತೀರಿ, ಸಾರ್. ಬಂಡಿ ತೆಳ್ಳಗ ಐತಿ. ಬೆನ್ನಿಗೆ ಇನ್ನೊಂದು ಕಲ್ಲು ಕೊಡಬೇಕು, ಕೆಳಗ ಬುನಾದಿ ಹಾಕಬೇಕು."

"ಹಾಕು. ಸಾವಧಾನ್ ಅಂತ ಕವಾಯತಿನ ಹುಕುಂ ಕೊಟ್ರ ನೆಟ್ಟಗ ನಿಂತಾರು. ಎಲ್ಲಾರೂ ಸಿಪಾಯಿಗಳ."

ಎತ್ತರ ಹೇಳಲು ಸುಬೇದಾರರು ತಾವೇ ಬುಚ್ಚಮ್ಮನವರ ಮನೆಗೆ ಹೋದರು. ರಾಯರು ಹಿಂದೆ ನಿಂತರು. ಬೂಟು ಹೊರಗೆ ಬಿಟ್ಟು, ಹೊಸ್ತಿಲು ದಾಟಿ, ಸುಬೇದಾರರು ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದರು.

"ಇಷ್ಟು ಎತ್ತರ, ತಾಯಿ."

ಬುಚ್ಚಮ್ಮ ಆ ಕೈ ನೋಡಿದರು. ಆಮೇಲೆ ರಾಯರ ಮುಖ ನೋಡಿದರು. ಮತ್ತೆ ಕೈ ನೋಡಿದರು.

"ಇನ್ನೊಂಚೂರು ಕೆಳಗ ಮಾಡ್ರಿ," ಎಂದರು. "ಕುಂತು ಹೂ ಇಡಾಕ ಕೈಗೆ ಎಟುಕಬೇಕು."

ಸುಬೇದಾರರು ಕೈ ಇಳಿಸಿದರು. ಇಳಿಸಿದ ಕೈಯ ಕೆಳಗೆ ರಾಜಕುಮಾರ ಮೊಳ ಹಾಕಿ ಅಳತೆ ಹಿಡಿದುಕೊಂಡ.

ಮೊದಲ ಕಲ್ಲು ನಿಲ್ಲಿಸುವ ದಿನ ಬೆಳಗ್ಗೆ ಪಾರ್ಕಿನಲ್ಲಿ ಹೆಚ್ಚು ಜನವಿರಲಿಲ್ಲ. ಉಳಿದ ಕಲ್ಲುಗಳು ಆಗುವವರೆಗೆ ಸಭೆ, ಮೈಕು ಏನೂ ಬೇಡ ಎಂದಿದ್ದರು. ಬುಚ್ಚಮ್ಮ, ರಾಜಕುಮಾರ, ಅವನ ಹೆಂಡತಿ ಕರುಣಾ, ಮತ್ತೆ ಮಕ್ತಲದಿಂದ ಬಸ್ಸಿನಲ್ಲಿ ಬಂದಿಳಿದ ಅಂಜಯ್ಯನ ಅಕ್ಕ ಬಾಲಮ್ಮ. ಕರುಣಾಳ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಮಡಿಸಿಟ್ಟ ವಸ್ತ್ರ. ಹಳದಿ ಚೌಕಳಿಯ ಹತ್ತಿ ಮೈಗೆ ಕುಂಕುಮದ ಬಣ್ಣದ ರೇಷ್ಮೆಯಂಚು.

ಕಮಿಟಿಯಲ್ಲಿ ಆದ ಒಂದು ಮಾತಿತ್ತು. ಯಾರ ಕಲ್ಲೋ ಆ ಮನೆಯವರು ಹೆಸರು ಕೂಗಬೇಕು, ಆಮೇಲೆ ಹೂವು. ಸುಬೇದಾರರು ದಾರಿಯ ಬಾಯಲ್ಲಿ ನಿಂತು, "ತಾಯಿ, ಹೆಸರು ಹೇಳ್ರಿ," ಎಂದರು. ಎಂದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡರು.

"ನಾನು ಹೇಳ್ತೀನಿ," ಎಂದು ರಾಜಕುಮಾರ ಮುಂದೆ ಬಂದ.

"ನೀ ಸರಿ ಅತ್ತಾಗ," ಎಂದರು ಬಾಲಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಬೇದಾರರ ಪಕ್ಕಕ್ಕೆ ಹೋಗಿ, ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತರು. "ಏ ಬುಚ್ಚಿ! ಅವತ್ತೂ ಬಾಗಲಾ ಹಿಡದಾಕಿ ನಾನ. ಇವತ್ತೂ ನಾನ. ಒಡಪು ಹೇಳು, ಬಿಡ್ತೀನಿ."

"ಸುಮ್ನಿರ್ರಿ, ಅಕ್ಕಯ್ಯ. ಮಂದಿ ನಗ್ತಾರ."

"ನಗ್ಲಿ. ಅವತ್ತೂ ನಕ್ಕಿದ್ರು."

"ಒಡಪು ಮುತ್ತೈದೇರು ಹೇಳೋದು." ಬುಚ್ಚಮ್ಮ ಇದನ್ನು ಹೇಳಿದ್ದು ನೆಲ ನೋಡುತ್ತ.

ಬಾಲಮ್ಮನ ಕೈ ಇಳಿಯಲಿಲ್ಲ. ದನಿ ಮಾತ್ರ ಇಳಿಯಿತು. "ಹೆಸರು ಅದ ಐತಿ. ಕರಿಯಾಕಿ ನೀನ ಇದ್ದಿ. ಮತ್ತೇನು ಬೇಕು?"

ಬುಚ್ಚಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮೊದಲು ತುಟಿ ಮಾತ್ರ ಅಲುಗಿತು. ಆಮೇಲೆ ದನಿ ಬಂತು. ಹಾಡೂ ಅಲ್ಲದ, ಮಾತೂ ಅಲ್ಲದ ಆ ಎಳೆ.

"ಹತ್ತಿ ನೂಲಿನ ಮೈಗೆ ರೇಷ್ಮಿ ನೂಲಿನ ಅಂಚು,
ಹಾಲು ಕಾಸೋ ಮನ್ಯಾಗ ಬೆಳಗಿಟ್ಟ ಕಂಚು..."

ಅಲ್ಲಿಗೆ ನಿಂತಿತು. ರಾಯರ ಮನೆಯಲ್ಲಿ ಒಂದು ಸಾಲು ತಪ್ಪಿದರೆ ಮುಂದಿನದನ್ನು ಎತ್ತಿಕೊಡುವ ಪದ್ಧತಿ ಇತ್ತು. ಇದನ್ನು ಎತ್ತಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಬಾಲಮ್ಮ ತಮ್ಮ ಚಾಚಿದ ಕೈ ಅಲುಗದಂತೆ ಹಿಡಿದು ಕಾಯುತ್ತಿದ್ದರು. ರಾಯರು ಕಣ್ಣು ಮುಚ್ಚಿ ಕೇಳುತ್ತ ನಿಂತರು.

"ಹೊಸ್ತಿಲಕ ಬಂದೀನಿ, ದಾರಿ ಬಿಡ್ರಿ ಅಕ್ಕಯ್ಯ,
ಒಳಗ ಕುಂತು ಕಾಯ್ತಾರ ನಮ್ಮನಿಯವರು... ಅಂಜಯ್ಯ."

ಬಾಲಮ್ಮ ಕೈ ಇಳಿಸಿ ಸರಿದರು. ಅವರ ಜತೆಗೆ, ಯಾರೂ ಹೇಳದಿದ್ದರೂ, ಸುಬೇದಾರರು ಹಿಮ್ಮಡಿ ಕೂಡಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬುಚ್ಚಮ್ಮ ಚಪ್ಪಲಿ ಬಿಟ್ಟು ಒಳಗೆ ನಡೆದರು. ಕಲ್ಲಿನ ಮುಂದೆ ನಿಂತು, ಮಗ್ಗದಿಂದ ಇಳಿಸಿದ ಬಟ್ಟೆಯ ಗಂಜಿ ಕೊಡವುವ ಹಾಗೆ ವಸ್ತ್ರವನ್ನು ಒಮ್ಮೆ ಕೊಡವಿ ಅದರ ಮೇಲೆ ಹೊದಿಸಿದರು. ಎರಡು ಕಡೆಯೂ ಸಮ ಬಂತೋ ಎಂದು ಬಗ್ಗಿ ನೋಡಿದರು. ಒಂದು ಕಡೆ ಚೂರು ಎಳೆದರು. ಆಮೇಲೆ ಅಲ್ಲೇ ಕುಳಿತು, ಕರುಣಾ ಕೊಟ್ಟ ಹೂವನ್ನು ಕೈ ಚಾಚಿ ಕಲ್ಲಿನ ನೆತ್ತಿಯ ಮೇಲಿಟ್ಟರು. ಕೈಗೆ ಎಟುಕಿತು.

ವಸ್ತ್ರದ ಅಂಚು ನೆಲಕ್ಕೆ ತಾಗದೆ, ಒಂದು ಬೆರಳು ಮೇಲೆಯೇ ನಿಂತಿತ್ತು.